ಸ್ವಯಂಸೇವೆಯಿಂದ ಸಂಬಳದ ಕೆಲಸಕ್ಕೆ: ಎಲ್ಲಿ ಸೇರಬೇಕು, ಏನು ಬರೆದಿಡಬೇಕು, ಯಾವುದಕ್ಕೆ ಮೋಸ ಹೋಗಬಾರದು

"ಡಿಗ್ರಿ ಮುಗಿದು ಒಂದೂವರೆ ವರ್ಷ ಆಯ್ತು. ಎಲ್ಲಿ ಹೋದರೂ ಅನುಭವ ಇದೆಯಾ ಅಂತಾರೆ. ಕೆಲಸವನ್ನೇ ಕೊಡದೆ ಅನುಭವ ಎಲ್ಲಿಂದ ತರೋದು?"

ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಮತ್ತೆ ಕೆಲಸಕ್ಕೆ ಹೋಗಬೇಕು ಎನ್ನುವ ಅಕ್ಕಂದಿರೂ ಇದನ್ನೇ ಬೇರೆ ಮಾತಲ್ಲಿ ಕೇಳುತ್ತಾರೆ. ಎಲ್ಲಾದರೂ ಸ್ವಯಂಸೇವಕರಾಗಿ ಸೇರಿಕೊಳ್ಳಿ ಎಂದರೆ ತಕ್ಷಣ ಇನ್ನೊಂದು ಪ್ರಶ್ನೆ ಬರುತ್ತದೆ: "ಬಿಟ್ಟಿ ದುಡಿದರೆ ಸಂಬಳದ ಕೆಲಸ ಹೇಗೆ ಸಿಗುತ್ತೆ?" ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನಾನು ಕೆಲವು ವರ್ಷ ಒಂದು ಸಣ್ಣ ಸಂಸ್ಥೆಯಲ್ಲಿ ಸ್ವಯಂಸೇವಕರನ್ನು ಸೇರಿಸಿಕೊಳ್ಳುವ, ಆಮೇಲೆ ಅವರಲ್ಲೇ ಕೆಲವರನ್ನು ಸಂಬಳಕ್ಕೆ ತೆಗೆದುಕೊಳ್ಳುವ ಕೆಲಸ ಮಾಡಿದ್ದೇನೆ. ಅರ್ಜಿಯ ಜೊತೆ ಬರುತ್ತಿದ್ದ ಸರ್ಟಿಫಿಕೇಟುಗಳನ್ನು ನಾವು ಜಾಸ್ತಿ ನೋಡುತ್ತಿರಲಿಲ್ಲ. ನೋಡುತ್ತಿದ್ದದ್ದು ಒಂದನ್ನೇ. ಈ ಹುಡುಗನ ಕೈಗೆ, ಈ ಹುಡುಗಿಯ ಕೈಗೆ ಒಂದು ಜವಾಬ್ದಾರಿ ಕೊಟ್ಟಾಗ ಅದನ್ನು ಎಷ್ಟು ದಿನ ಬಿಡದೆ ಹೊತ್ತುಕೊಂಡರು? ಹತ್ತು ಕಡೆ ಒಂದೊಂದು ದಿನ ಹೋಗಿ ಬಂದವರಿಗಿಂತ ಒಂದೇ ಕಡೆ ಎಂಟು ತಿಂಗಳು ನಿಂತವರಿಗೆ ಕೆಲಸ ಸಿಕ್ಕಿದ್ದೇ ಹೆಚ್ಚು. ಮುಂದೆ ಬರೆದಿರುವ ಎಲ್ಲ ಹಂತಗಳೂ ಇದರ ಸುತ್ತಲೇ ಇವೆ.

ಶುರು ಮಾಡುವ ಮುಂಚೆ ತಿಳಿದಿರಬೇಕಾದದ್ದು

ಸ್ವಯಂಸೇವೆ ಉಪಯೋಗಕ್ಕೆ ಬರುವುದು ಎರಡು ದಾರಿಯಲ್ಲಿ. ಒಂದು, ನಿಮಗೆ ಬರುವ ಕೆಲಸವನ್ನು ತೋರಿಸಲು ಸಾಕ್ಷಿ ಸಿಗುತ್ತದೆ. ಎರಡು, ಹೊಸ ಜನರ ಪರಿಚಯವಾಗುತ್ತದೆ. ಎರಡನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲೇ ಇದರ ಬಗ್ಗೆ ಬರೆದರು. ಕೆಲಸದ ಸುದ್ದಿ ಆಪ್ತರಿಗಿಂತ ಅಪರೂಪಕ್ಕೆ ಸಿಗುವ ಪರಿಚಯದವರಿಂದಲೇ ಹೆಚ್ಚಾಗಿ ಬರುತ್ತದೆ ಎಂದು ಅವರು ಕಂಡುಕೊಂಡಿದ್ದರು. ಯೋಚಿಸಿದರೆ ಸರಿ ಅಲ್ವಾ? ನಿಮ್ಮ ಗೆಳೆಯರಿಗೆ ಗೊತ್ತಿರುವುದೆಲ್ಲ ನಿಮಗೂ ಗೊತ್ತಿರುತ್ತದೆ. ರಕ್ತದಾನ ಶಿಬಿರದಲ್ಲಿ ಪಕ್ಕದ ಟೇಬಲ್ಲಿನಲ್ಲಿ ಕೂತ ಬ್ಯಾಂಕಿನ ಮೇಡಂಗೆ ಗೊತ್ತಿರುವುದು ಬೇರೆ.

ಅಮೆರಿಕದ ಸರ್ಕಾರಿ ಸೇವಾ ಸಂಸ್ಥೆಯೊಂದು 2013ರಲ್ಲಿ ಹತ್ತು ವರ್ಷದ ಅಂಕಿಅಂಶ ಇಟ್ಟುಕೊಂಡು ಲೆಕ್ಕ ಹಾಕಿತ್ತು. ಕೆಲಸವಿಲ್ಲದವರಲ್ಲಿ ಸ್ವಯಂಸೇವೆ ಮಾಡಿದವರಿಗೆ ಕೆಲಸ ಸಿಗುವ ಸಾಧ್ಯತೆ ಮಾಡದವರಿಗಿಂತ ಶೇ. 27ರಷ್ಟು ಹೆಚ್ಚಿತ್ತು. ಅದು ಆ ದೇಶದ ಲೆಕ್ಕ, ನಮ್ಮ ಊರಿಗೆ ಹಾಗೇ ಹೊಂದಿಸಲು ಆಗುವುದಿಲ್ಲ. ಮೊದಲೇ ಓಡಾಡುವ ಸ್ವಭಾವದವರು ಸ್ವಯಂಸೇವೆಗೂ ಬರುತ್ತಾರೆ, ಕೆಲಸವನ್ನೂ ಬೇಗ ಹಿಡಿಯುತ್ತಾರೆ ಎನ್ನುವುದೂ ಇದೆ. ಆದರೂ ದಿಕ್ಕು ಗೊತ್ತಾಗುತ್ತದೆ.

ಇದರಿಂದ ಆಗದೇ ಇರುವುದನ್ನೂ ಹೇಳಿಬಿಡುತ್ತೇನೆ. ಕೆಪಿಎಸ್‌ಸಿ ಥರದ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ನಿಮ್ಮ ಸಮಾಜಸೇವೆಗೆ ಅಂಕ ಸಿಗುತ್ತದೆ ಎಂದುಕೊಳ್ಳಬೇಡಿ. ಎನ್‌ಸಿಸಿಯ ದಾರಿ ಮಾತ್ರ ಬೇರೆ. ಸಿ ಸರ್ಟಿಫಿಕೇಟ್ ಇದ್ದವರಿಗೆ ಸೇನೆಯಲ್ಲಿ ಅಧಿಕಾರಿಯಾಗಲು ಲಿಖಿತ ಪರೀಕ್ಷೆ ಇಲ್ಲದೆ ನೇರ ಸಂದರ್ಶನಕ್ಕೆ ಕರೆಯುವ ವಿಶೇಷ ಪ್ರವೇಶವೇ ಇದೆ. ಕಾಲೇಜಿನಲ್ಲಿ ಇನ್ನೂ ಓದುತ್ತಿರುವವರು ಇದನ್ನು ಕಳೆದುಕೊಳ್ಳಬೇಡಿ.

ಇನ್ನೊಂದು ಮಾತು. ಈ ತಿಂಗಳು ಮನೆಗೆ ದುಡ್ಡು ಬೇಕೇ ಬೇಕು ಅನ್ನುವ ಸ್ಥಿತಿ ಇದ್ದರೆ ಮೊದಲು ಸಿಕ್ಕ ಕೂಲಿಗೋ ಅಂಗಡಿ ಕೆಲಸಕ್ಕೋ ಸೇರಿ. ಸ್ವಯಂಸೇವೆಗೆ ಭಾನುವಾರದ ಎರಡು ಗಂಟೆ ಸಾಕು. ಹೊಟ್ಟೆ ಕಟ್ಟಿಕೊಂಡು ಸೇವೆ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಹಂತ 1: ಬೇಕಾದ ಕೆಲಸದಿಂದ ಹಿಂದಕ್ಕೆ ಲೆಕ್ಕ ಹಾಕಿ

ಬಹಳ ಜನ ಮೊದಲು ಸಂಸ್ಥೆ ಹುಡುಕುತ್ತಾರೆ. ಅದು ಉಲ್ಟಾ. ಮೊದಲು ನಿಮಗೆ ಬೇಕಾದ ಥರದ ಕೆಲಸದ ಐದಾರು ಜಾಹೀರಾತು ತೆಗೆದುಕೊಳ್ಳಿ. ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ಲಿನಲ್ಲಿ ಸಿಗುತ್ತವೆ, ಪತ್ರಿಕೆಯಲ್ಲೂ ಬರುತ್ತವೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಪದಗಳಿಗೆ ಗೆರೆ ಎಳೆಯಿರಿ: ಎಕ್ಸೆಲ್, ಲೆಕ್ಕಪತ್ರ, ಜನರ ಜೊತೆ ಮಾತು, ವರದಿ ಬರೆಯುವುದು, ತಂಡ ನಡೆಸುವುದು, ಹೀಗೆ. ಅದರಲ್ಲಿ ನಿಮ್ಮ ಹತ್ತಿರ ಇಲ್ಲದಿರುವುದು ಯಾವುದೋ ಅದನ್ನು ಕಲಿಸುವ ಸ್ವಯಂಸೇವೆ ಹುಡುಕಬೇಕು.

ಬಿ.ಕಾಂ. ಮಾಡಿದ್ದೀರಾ? ಊರಿನ ಯುವಕ ಸಂಘದ್ದೋ ಸ್ವಸಹಾಯ ಸಂಘದ್ದೋ ಲೆಕ್ಕ ಬರೆಯಲು ಕೇಳಿ. ಅಲ್ಲಿ ಹೋಗಿ ಸಸಿ ನೆಡಬೇಡಿ. ಸಸಿ ನೆಡುವುದು ಒಳ್ಳೆಯ ಕೆಲಸವೇ, ಆದರೆ ಅಕೌಂಟೆಂಟ್ ಕೆಲಸಕ್ಕೆ ಅದು ಏನನ್ನೂ ತೋರಿಸುವುದಿಲ್ಲ. ಶಿಕ್ಷಕರಾಗಬೇಕಾದವರು ಸಂಜೆ ತರಗತಿಗೆ, ಆಸ್ಪತ್ರೆಯ ಕೆಲಸ ಬೇಕಾದವರು ರಕ್ತದಾನ ಅಥವಾ ಕಣ್ಣಿನ ತಪಾಸಣೆ ಶಿಬಿರದ ನೋಂದಣಿ ಟೇಬಲ್ಲಿಗೆ, ಮಾರ್ಕೆಟಿಂಗ್ ಅಥವಾ ಕಾರ್ಯಕ್ರಮ ನಿರ್ವಹಣೆ ಬೇಕಾದವರು ಊರ ಹಬ್ಬದ, ನಾಟಕದ, ಯಕ್ಷಗಾನ ಬಯಲಾಟದ ಸಮಿತಿಗೆ ಸೇರಿಕೊಳ್ಳಬಹುದು. ಪೆಂಡಾಲಿನವರ ಜೊತೆ ಚೌಕಾಸಿ ಮಾಡಿ, ಪೊಲೀಸ್ ಅನುಮತಿ ತೆಗೆದುಕೊಂಡು, ರಸೀದಿ ಪುಸ್ತಕದ ಲೆಕ್ಕ ಒಪ್ಪಿಸಿದವರಿಗೆ ಕಾರ್ಯಕ್ರಮ ನಡೆಸುವುದು ಗೊತ್ತಿಲ್ಲ ಎಂದು ಯಾರು ಹೇಳಲು ಸಾಧ್ಯ? ಅದನ್ನು ಬಯೋಡೇಟಾದಲ್ಲಿ ಬರೆಯಬಹುದು ಎನ್ನುವುದೇ ನಮ್ಮ ಹುಡುಗರಿಗೆ ಹೊಳೆಯುವುದಿಲ್ಲ.

ಹಂತ 2: ಜಾಗ ಹುಡುಕಿ, ಮನೆ ಹತ್ತಿರದಿಂದ ಶುರು ಮಾಡಿ

ದೂರದ ಹೆಸರುವಾಸಿ ಸಂಸ್ಥೆಗಿಂತ ನಡೆದು ಹೋಗುವ ಜಾಗ ಒಳ್ಳೆಯದು. ಬಸ್ಸು ಬದಲಿಸಿ ಒಂದೂವರೆ ಗಂಟೆ ಹೋಗಬೇಕಾದ ಕಡೆಗೆ ಮೂರನೇ ವಾರಕ್ಕೇ ಹೋಗುವುದು ನಿಲ್ಲುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚು ಉಳಿಯಿತು ನಿಜ, ಆದರೆ ಸಮಯದ ಖರ್ಚು ಹಾಗೇ ಇದೆ.

*ಕಾಲೇಜಿನಲ್ಲಿದ್ದರೆ:* ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು ಶುರುವಾದದ್ದು. ಎರಡು ವರ್ಷದಲ್ಲಿ 240 ಗಂಟೆ ಕೆಲಸ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಶಿಬಿರದಲ್ಲಿ ಅಡುಗೆ ಸಾಮಾನಿನ ಲೆಕ್ಕವನ್ನೋ ಗ್ರಾಮ ಸಮೀಕ್ಷೆಯ ತಂಡವನ್ನೋ ನೀವೇ ಕೇಳಿ ತೆಗೆದುಕೊಳ್ಳಿ. ಸುಮ್ನೆ ಹಿಂದೆ ನಿಂತು ಹಾಜರಿ ಹಾಕಿಸಿಕೊಂಡರೆ ಕಾಗದ ಮಾತ್ರ ಉಳಿಯುತ್ತದೆ.

*ಊರಲ್ಲಿದ್ದರೆ:* ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ ನೋಡಿ. ಈಗ ಅದನ್ನು ಅರಿವು ಕೇಂದ್ರ ಎನ್ನುತ್ತಾರೆ. ಮಕ್ಕಳಿಗೆ ಓದಿಸುವ, ಕಂಪ್ಯೂಟರ್ ಹೇಳಿಕೊಡುವ ಕೆಲಸಕ್ಕೆ ಅಲ್ಲಿನ ಮೇಲ್ವಿಚಾರಕರಿಗೆ ಯಾವಾಗಲೂ ಇನ್ನೊಂದು ಕೈ ಬೇಕಿರುತ್ತದೆ. ಸರ್ಕಾರಿ ಶಾಲೆಯಾದರೆ ಮುಖ್ಯ ಶಿಕ್ಷಕರನ್ನೂ ಎಸ್‌ಡಿಎಂಸಿಯವರನ್ನೂ ಭೇಟಿ ಮಾಡಿ. ಎಸ್‌ಡಿಎಂಸಿ ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಪೋಷಕರೇ ಸೇರಿ ಇರುವಂಥದ್ದು. ಡಿ.ಎಡ್. ಅಥವಾ ಬಿ.ಎಡ್. ಆಗಿರುವವರಿಗೆ ಇದರಿಂದ ಇನ್ನೊಂದು ಅನುಕೂಲ ಇದೆ. ಅತಿಥಿ ಶಿಕ್ಷಕರನ್ನು ಶಾಲೆಯ ಮಟ್ಟದಲ್ಲೇ ತೆಗೆದುಕೊಳ್ಳುವುದರಿಂದ ಜಾಗ ಖಾಲಿಯಾದ ಸುದ್ದಿ ನಿಮಗೆ ಬೇಗ ತಿಳಿಯುತ್ತದೆ. 15ರಿಂದ 29 ವರ್ಷದವರಿಗೆ ಕೇಂದ್ರ ಸರ್ಕಾರದ ಮೈ ಭಾರತ್ ಪೋರ್ಟಲ್ ಇದೆ, 2023ರ ಅಕ್ಟೋಬರ್ 31ರಂದು ಶುರುವಾಗಿದ್ದು. ನಿಮ್ಮ ಜಿಲ್ಲೆಯಲ್ಲಿ ನಡೆಯುವ ಚಟುವಟಿಕೆಗಳನ್ನು ಅಲ್ಲಿ ಹುಡುಕಬಹುದು. ನೆರೆ ಬರುವ ಜಿಲ್ಲೆಗಳವರು ಆಪದ ಮಿತ್ರ ತರಬೇತಿಯ ಬಗ್ಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಪ್ರಥಮ ಚಿಕಿತ್ಸೆ, ನೆರೆಯಲ್ಲಿ ರಕ್ಷಣೆ ಇವನ್ನೆಲ್ಲ 12 ದಿನ ಕಲಿಸುತ್ತಾರೆ. 2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ಬೆಳಗಾವಿ ಕಡೆ ನೀರು ನುಗ್ಗಿದಾಗ ಇಂಥವು ಗೊತ್ತಿದ್ದವರ ಬೆಲೆ ಏನು ಎಂದು ಎಲ್ಲರೂ ನೋಡಿದೆವು. ಸೆಕ್ಯುರಿಟಿ, ಕಾರ್ಖಾನೆಯ ಸುರಕ್ಷತಾ ವಿಭಾಗ, ಆಂಬುಲೆನ್ಸ್ ಥರದ ಕೆಲಸ ಹುಡುಕುವವರಿಗೆ ಈ ತರಬೇತಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

*ಬೆಂಗಳೂರಿನಲ್ಲಿದ್ದರೆ:* ಆಯ್ಕೆ ಜಾಸ್ತಿ. ಯೂತ್ ಫಾರ್ ಸೇವಾ ಶಾಲೆಗಳಿಗೆ, ಆಸ್ಪತ್ರೆಗಳಿಗೆ ಸ್ವಯಂಸೇವಕರನ್ನು ಕಳಿಸುತ್ತದೆ. ಸಮರ್ಥನಂ, ಮಿತ್ರ ಜ್ಯೋತಿ ಥರದ ಸಂಸ್ಥೆಗಳು ಅಂಗವಿಕಲರ ಜೊತೆ ಕೆಲಸ ಮಾಡುತ್ತವೆ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಸ್ಕ್ರೈಬ್ ಬೇಕಾಗುತ್ತಾರೆ. ಸ್ಕ್ರೈಬ್ ಎಂದರೆ ವಿದ್ಯಾರ್ಥಿ ಬಾಯಲ್ಲಿ ಹೇಳಿದ ಉತ್ತರವನ್ನು ಹಾಗೇ ಬರೆಯುವವರು. ಮಾರ್ಚ್, ಏಪ್ರಿಲ್ ಬಂತೆಂದರೆ ಎಷ್ಟು ಜನ ಇದ್ದರೂ ಸಾಲುವುದಿಲ್ಲ. ಪರೀಕ್ಷೆ ಬರೆಯುವವರಿಗಿಂತ ಕಡಿಮೆ ಓದಿದವರೇ ಬೇಕು ಎನ್ನುವ ನಿಯಮ ಕೆಲವು ಪರೀಕ್ಷೆಗಳಲ್ಲಿದೆ, ಮೊದಲೇ ಕೇಳಿ. ಒಪ್ಪಿಕೊಂಡ ಮೇಲೆ ತಪ್ಪಿಸಬೇಡಿ. ನೀವು ಹೋಗದಿದ್ದರೆ ಆ ಮಗುವಿನ ಒಂದು ವರ್ಷ ಹೋಗುತ್ತದೆ.

*ಮನೆಯಿಂದ ಹೊರಗೆ ಹೋಗಲು ಆಗದಿದ್ದರೆ:* ಕನ್ನಡ ವಿಕಿಪೀಡಿಯ ಇದೆ, 2003ರಿಂದ. ಅನುವಾದ, ಬರವಣಿಗೆ, ಸಂಪಾದನೆಯ ಕೆಲಸ ಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ, ಯಾಕೆಂದರೆ ನೀವು ಮಾಡಿದ ಪ್ರತಿಯೊಂದು ತಿದ್ದುಪಡಿಯೂ ನಿಮ್ಮ ಬಳಕೆದಾರ ಹೆಸರಿನಲ್ಲಿ ದಿನಾಂಕದ ಸಮೇತ ದಾಖಲಾಗಿರುತ್ತದೆ, ಯಾರು ಬೇಕಾದರೂ ನೋಡಬಹುದು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಮಕ್ಕಳ ಕಥೆಗಳನ್ನು ಕನ್ನಡಕ್ಕೆ ತರಬಹುದು, ಅನುವಾದಕರೆಂದು ನಿಮ್ಮ ಹೆಸರು ಅಲ್ಲೇ ಇರುತ್ತದೆ. ಪ್ರೋಗ್ರಾಮಿಂಗ್ ಬರುವವರಿಗೆ ಗಿಟ್‌ಹಬ್‌ನಲ್ಲಿ ಮುಕ್ತ ತಂತ್ರಾಂಶದ ಯೋಜನೆಗಳಿವೆ. ಒಂದು ಎಚ್ಚರಿಕೆ: ಯಂತ್ರದ ಅನುವಾದವನ್ನು ಹಾಗೇ ತಂದು ಸುರಿಯಬೇಡಿ. ಅದೂ ನಿಮ್ಮ ಹೆಸರಲ್ಲೇ ಶಾಶ್ವತವಾಗಿ ದಾಖಲಾಗುತ್ತದೆ.

ಸ್ವಸಹಾಯ ಸಂಘದ ಅಕ್ಕಂದಿರಿಗೆ ಪ್ರತ್ಯೇಕವಾಗಿ

ಇದನ್ನು ಬೇರೆಯಾಗಿ ಬರೆಯಲು ಕಾರಣವಿದೆ. ನಮ್ಮ ಹಳ್ಳಿಗಳಲ್ಲಿ ಸಮುದಾಯದ ಕೆಲಸದಿಂದ ಆದಾಯದ ಕೆಲಸಕ್ಕೆ ಹೋಗುವ ಅತ್ಯಂತ ನೇರವಾದ ದಾರಿ ಇದೇ, ಆದರೆ ಸಂಘದಲ್ಲಿರುವವರೇ ಅದನ್ನು ಗಮನಿಸುವುದಿಲ್ಲ.

ಸಂಜೀವಿನಿ ಯೋಜನೆಯಲ್ಲಿ, ಅಂದರೆ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದ ಕರ್ನಾಟಕದ ರೂಪದಲ್ಲಿ, ಪ್ರತಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸಂಘಗಳ ಒಕ್ಕೂಟ ಇರುತ್ತದೆ. ಈ ಒಕ್ಕೂಟಕ್ಕೆ ಗೌರವಧನದ ಮೇಲೆ ಕೆಲಸ ಮಾಡುವ ಹೆಣ್ಣುಮಕ್ಕಳು ಬೇಕು. ಎಂಬಿಕೆ ಎಂದರೆ ಮುಖ್ಯ ಪುಸ್ತಕ ಬರಹಗಾರರು, ಒಕ್ಕೂಟದ ಲೆಕ್ಕ ನೋಡುವವರು. ಎಲ್‌ಸಿಆರ್‌ಪಿ ಎಂದರೆ ಸ್ಥಳೀಯ ಸಮುದಾಯ ಸಂಪನ್ಮೂಲ ವ್ಯಕ್ತಿ, ಸಂಘಗಳನ್ನು ಕಟ್ಟಿ ನಡೆಸಲು ನೆರವಾಗುವವರು. ಇವರಲ್ಲದೆ ಕೃಷಿ ಸಖಿ, ಪಶು ಸಖಿ, ಮನೆ ಬಾಗಿಲಿಗೆ ಬ್ಯಾಂಕ್ ಸೇವೆ ತರುವ ಬಿಸಿ ಸಖಿ ಇದ್ದಾರೆ. ಪಂಚಾಯಿತಿಯ ಕಸದ ಗಾಡಿ ಸ್ವಚ್ಛ ವಾಹಿನಿಯನ್ನು ಡ್ರೈವಿಂಗ್ ಕಲಿತು ಓಡಿಸುತ್ತಿರುವವರೂ ಇಂಥ ಸಂಘಗಳ ಹೆಂಗಸರೇ.

ಇವರೆಲ್ಲ ಹೆಚ್ಚಾಗಿ ಸಂಘದ ಒಳಗಿನಿಂದಲೇ ಬರುತ್ತಾರೆ. ಹಾಗಾಗಿ ವಾರದ ಸಭೆಗೆ ಹೋಗಿ ಉಳಿತಾಯ ಕಟ್ಟಿ ವಾಪಸ್ ಬರುವುದರಲ್ಲಿ ನಿಲ್ಲಬೇಡಿ. ನಡಾವಳಿ ಪುಸ್ತಕ ಬರೆಯಲು ಮುಂದೆ ಬನ್ನಿ. ಉಳಿತಾಯ ಮತ್ತು ಸಾಲದ ಲೆಡ್ಜರ್ ಕಲಿಯಿರಿ. ಬ್ಯಾಂಕಿಗೆ ಹೋಗಬೇಕಾದಾಗ ನೀವು ಹೊರಡಿ, ಮ್ಯಾನೇಜರ್ ಜೊತೆ ಮಾತಾಡಿ. ಒಂದು ವರ್ಷ ತಪ್ಪಿಲ್ಲದೆ ಪುಸ್ತಕ ಬರೆದವರ ಹೆಸರು ಒಕ್ಕೂಟದ ಸಭೆಯಲ್ಲಿ ತಾನಾಗಿ ಬರುತ್ತದೆ. ಗೌರವಧನ ದೊಡ್ಡ ಮೊತ್ತವಲ್ಲ, ಕೆಲವೊಮ್ಮೆ ತಡವಾಗಿಯೂ ಬರುತ್ತದೆ, ಅದನ್ನು ಲೆಕ್ಕಕ್ಕಿಟ್ಟುಕೊಂಡೇ ಹೋಗಿ. ಆದರೆ ಪಟ್ಟಣದ ಸಹಕಾರ ಸಂಘಕ್ಕೋ ಫೈನಾನ್ಸ್ ಕಚೇರಿಗೋ ಅರ್ಜಿ ಹಾಕುವ ದಿನ "ನೂರಾರು ಕುಟುಂಬಗಳ ಉಳಿತಾಯ, ಸಾಲದ ಲೆಕ್ಕ ನೋಡಿದ್ದೇನೆ" ಎಂದು ಎದೆ ತಟ್ಟಿ ಹೇಳಬಹುದು.

ಹಂತ 3: ಸೇರುವ ಮುಂಚೆ ಪರೀಕ್ಷೆ ಮಾಡಿ

ಇಲ್ಲಿ ಮೋಸ ಬಹಳ. ಇವುಗಳಲ್ಲಿ ಒಂದು ಕಂಡರೂ ದೂರ ಇರಿ.

ನೋಂದಣಿ ಶುಲ್ಕ, ಸರ್ಟಿಫಿಕೇಟ್ ಶುಲ್ಕ ಕೇಳುವವರು. 499 ಕಟ್ಟಿ, 100 ಗಂಟೆಯ ಸಮಾಜಸೇವೆಯ ಪ್ರಮಾಣಪತ್ರ ಮೇಲ್‌ನಲ್ಲಿ ಬರುತ್ತದೆ ಎನ್ನುವವರು ಕಾಗದ ಮಾರುತ್ತಿದ್ದಾರೆ. ಕೆಲಸ ಕೊಡುವವರಿಗೆ ಅದು ನೋಡಿದ ತಕ್ಷಣ ಗೊತ್ತಾಗುತ್ತದೆ.

ಸ್ವಯಂಸೇವಕ ಎಂದು ಕರೆದು ದಿನಕ್ಕೆ ಎಂಟು ಗಂಟೆ ದುಡಿಸುವ ಲಾಭದ ಕಂಪನಿ. ಅದು ಸೇವೆಯಲ್ಲ, ಸಂಬಳ ಕೊಡದ ನೌಕರಿ. ಅದೇ ಥರ, ಇಂಟರ್ನ್‌ಶಿಪ್ ಎಂದು ಸೇರಿಸಿಕೊಂಡು ನಿಮ್ಮ ನೆಂಟರಿಷ್ಟರಿಂದ ದೇಣಿಗೆ ತರಲು ಟಾರ್ಗೆಟ್ ಕೊಡುವ ಕಡೆಗಳಿವೆ. ದೇಣಿಗೆ ಸಂಗ್ರಹವನ್ನೇ ಕಲಿಯಬೇಕೆಂದಿದ್ದರೆ ಸರಿ, ಇಲ್ಲದಿದ್ದರೆ ಬೇಡ.

ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಾರ್ಕ್ಸ್ ಕಾರ್ಡಿನ ಮೂಲ ಪ್ರತಿ ಇಟ್ಟುಕೊಳ್ಳುತ್ತೇವೆ ಎನ್ನುವವರು. ಮೂಲ ಪ್ರತಿ ಯಾರಿಗೂ ಕೊಡಬೇಡಿ.

ಸಂಸ್ಥೆ ನಿಜವೋ ಎಂದು ತಿಳಿಯಲು ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿ ಹೆಸರು ಹುಡುಕಿ. ನೋಂದಾಯಿಸಿದ ಸಂಸ್ಥೆಗೆ ಅಲ್ಲಿ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅಲ್ಲಿ ಹೆಸರಿದ್ದ ಮಾತ್ರಕ್ಕೆ ಒಳ್ಳೆಯದು ಎಂದಲ್ಲ. ಊರಿನ ಸಣ್ಣ ಸಂಘದ ಹೆಸರು ಅಲ್ಲಿಲ್ಲದೆಯೂ ಇರಬಹುದು. ಹಾಗಾಗಿ ಒಮ್ಮೆ ಹೋಗಿ ಕಣ್ಣಾರೆ ನೋಡಿ, ಈಗಾಗಲೇ ಇರುವ ಇಬ್ಬರು ಸ್ವಯಂಸೇವಕರ ಜೊತೆ ಮಾತಾಡಿ.

ಮಕ್ಕಳ ಜೊತೆ ಕೆಲಸ ಮಾಡುವ ಕಡೆ ನಿಮ್ಮ ಗುರುತಿನ ಚೀಟಿಯ ನಕಲು ಕೇಳಿದರೆ, ಪೊಲೀಸ್ ಪರಿಶೀಲನೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಅದು ಒಳ್ಳೆಯ ಸಂಸ್ಥೆಯ ಲಕ್ಷಣ.

ಹಂತ 4: ಮೊದಲ ಸಂದೇಶ

"ಸರ್ ನನಗೆ ಸಮಾಜಸೇವೆಯಲ್ಲಿ ಆಸಕ್ತಿ ಇದೆ, ಏನಾದರೂ ಇದ್ದರೆ ತಿಳಿಸಿ" ಎಂಬ ಸಂದೇಶಕ್ಕೆ ಉತ್ತರ ಬರುವುದು ಕಡಿಮೆ. ಓದಿದವರಿಗೆ ನಿಮ್ಮನ್ನು ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಹೀಗೆ ಬರೆದು ನೋಡಿ:

"ನಮಸ್ಕಾರ ಮೇಡಂ. ನಾನು ಬಿ.ಕಾಂ. ಮುಗಿಸಿದ್ದೇನೆ, ಟ್ಯಾಲಿ ಬರುತ್ತದೆ. ನಿಮ್ಮ ಸಂಜೆ ಶಾಲೆ ನಮ್ಮ ಮನೆಯಿಂದ ಹತ್ತು ನಿಮಿಷ. ಶನಿವಾರ, ಭಾನುವಾರ ಎರಡೆರಡು ಗಂಟೆ ಬರಬಲ್ಲೆ, ಮಾರ್ಚ್ ತನಕ. ಲೆಕ್ಕ ಬರೆಯುವುದಾಗಲಿ, ಮಕ್ಕಳಿಗೆ ಗಣಿತ ಹೇಳಿಕೊಡುವುದಾಗಲಿ ಮಾಡುತ್ತೇನೆ. ಈ ವಾರ ಯಾವಾಗ ಬಂದು ಭೇಟಿಯಾಗಲಿ?"

ಏನು ಬರುತ್ತದೆ, ಯಾವ ದಿನ, ಎಲ್ಲಿಯ ತನಕ. ಈ ಮೂರು ಇರಲೇಬೇಕು. ಒಂದು ವಾರ ಉತ್ತರ ಬರದಿದ್ದರೆ ಫೋನ್ ಮಾಡಿ. ಅಲ್ಲಿರುವವರು ಇಬ್ಬರೋ ಮೂವರೋ, ಸಂದೇಶ ಕೆಳಗೆ ಹೋಗಿರುತ್ತದೆ.

ಕೆಲಸ ಹುಡುಕುತ್ತಿದ್ದೇನೆ ಎಂಬುದನ್ನು ಮುಚ್ಚಿಡಬೇಡಿ. ಮೊದಲ ಭೇಟಿಯಲ್ಲೇ ಹೇಳಿ: "ನಾನು ಕೆಲಸ ಹುಡುಕುತ್ತಿದ್ದೇನೆ, ಸಿಕ್ಕರೆ ಸಮಯ ಬದಲಾಗಬಹುದು, ಆದರೆ ಹದಿನೈದು ದಿನ ಮುಂಚೆ ತಿಳಿಸುತ್ತೇನೆ." ಇದರಿಂದ ಯಾರೂ ನಿಮ್ಮನ್ನು ಸಣ್ಣದಾಗಿ ನೋಡುವುದಿಲ್ಲ. ಹೇಳದೆ ಒಂದು ದಿನ ಮಾಯವಾದರೆ ನೋಡುತ್ತಾರೆ.

ಹಂತ 5: ಮೊದಲು ಹಾಜರಿ, ಆಮೇಲೆ ಜವಾಬ್ದಾರಿ

ಮೊದಲ ತಿಂಗಳು ಬೇರೇನೂ ಬೇಡ. ಹೇಳಿದ ದಿನ, ಹೇಳಿದ ಹೊತ್ತಿಗೆ ಹೋಗಿ. ಆಗದಿದ್ದರೆ ಹಿಂದಿನ ದಿನವೇ ತಿಳಿಸಿ. ಕುರ್ಚಿ ಜೋಡಿಸಲು ಹೇಳಿದರೆ ಜೋಡಿಸಿ.

ಎರಡನೇ ತಿಂಗಳಲ್ಲಿ ಸುತ್ತ ನೋಡಿ. ಯಾರೂ ಮಾಡಲು ಇಷ್ಟಪಡದ, ಆದರೆ ಮಾಡದಿದ್ದರೆ ಎಲ್ಲರಿಗೂ ತೊಂದರೆಯಾಗುವ ಒಂದು ಕೆಲಸ ಎಲ್ಲ ಕಡೆಯೂ ಇರುತ್ತದೆ. ಹಾಜರಿ ಪಟ್ಟಿ ಸರಿಯಿರುವುದಿಲ್ಲ, ದಾನಿಗಳಿಗೆ ಧನ್ಯವಾದ ಪತ್ರ ಹೋಗಿರುವುದಿಲ್ಲ, ಸ್ಟಾಕ್ ಲೆಕ್ಕ ಇರುವುದಿಲ್ಲ, ಹೊಸದಾಗಿ ಬಂದ ಸ್ವಯಂಸೇವಕರಿಗೆ ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಅದನ್ನು ನಾನು ನೋಡಿಕೊಳ್ಳಲಾ ಎಂದು ಕೇಳಿ. ಬಯೋಡೇಟಾದಲ್ಲಿ ಬರೆಯಲು ಸಿಗುವುದು ಇದೇ.

ಇಲ್ಲಿ ಜನ ಎಡವುವುದು ಎರಡು ರೀತಿ. ಕೆಲವರು ಎಲ್ಲದಕ್ಕೂ ಹೂಂ ಎಂದು ಮೂರು ತಿಂಗಳಲ್ಲಿ ಸುಸ್ತಾಗಿ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಸೇವೆಯಲ್ಲೇ ಮುಳುಗಿ ಕೆಲಸಕ್ಕೆ ಅರ್ಜಿ ಹಾಕುವುದನ್ನೇ ನಿಲ್ಲಿಸುತ್ತಾರೆ. ಎರಡನೆಯದು ಹೊರಗಿನಿಂದ ಒಳ್ಳೆಯದಾಗಿ ಕಾಣುತ್ತದೆ, ಹಾಗಾಗಿ ಅದೇ ಜಾಸ್ತಿ ಅಪಾಯ. ವಾರಕ್ಕೆ ನಾಲ್ಕರಿಂದ ಆರು ಗಂಟೆ ಸ್ವಯಂಸೇವೆ, ಉಳಿದ ಸಮಯ ಅರ್ಜಿ, ಕಲಿಕೆ, ಓಡಾಟ. ಈ ಗಡಿ ದಾಟಬೇಡಿ.

ಹಂತ 6: ಪ್ರತಿ ಸಲ ನಾಲ್ಕು ಸಾಲು ಬರೆದಿಡಿ

ಒಂದು ನೋಟ್‌ಬುಕ್ ಸಾಕು, ಮೊಬೈಲಿನ ನೋಟ್ಸ್ ಆದರೂ ಸರಿ. ಮನೆಗೆ ಬಂದ ದಿನವೇ ಬರೆಯಬೇಕು. ಹೀಗೆ:

"ಆಗಸ್ಟ್ 10, ಶನಿವಾರ, 2 ಗಂಟೆ. 11 ಮಕ್ಕಳು. ಭಾಗಾಕಾರ. 4 ಜನಕ್ಕೆ ಶೇಷ ಉಳಿಯುವ ಲೆಕ್ಕ ಅರ್ಥ ಆಗಲಿಲ್ಲ. ಮುಂದಿನ ವಾರ ಹುಣಸೆ ಬೀಜ ಇಟ್ಟು ಹೇಳಿಕೊಡಬೇಕು."

ಆರು ತಿಂಗಳು ಕಳೆದ ಮೇಲೆ ಸಂದರ್ಶನದಲ್ಲಿ "ನಿಮಗೆ ಎದುರಾದ ಒಂದು ಸಮಸ್ಯೆ ಹೇಳಿ" ಎಂದಾಗ ನಿಮ್ಮ ಕೈಯಲ್ಲಿ ಹುಣಸೆ ಬೀಜದ ಕಥೆ ಇರುತ್ತದೆ, ಬೇರೆಯವರ ಹತ್ತಿರ ಇಂಟರ್ನೆಟ್‌ನಲ್ಲಿ ಬಾಯಿಪಾಠ ಮಾಡಿದ ಉತ್ತರ ಇರುತ್ತದೆ. ಬರೆದಿಡದಿದ್ದರೆ ನಿಮಗೂ ಮರೆತು ಹೋಗುತ್ತದೆ, ಇದು ಖಂಡಿತ.

ಫೋಟೋ ವಿಷಯದಲ್ಲಿ ಜೋಪಾನ. ಮಕ್ಕಳ ಮುಖ, ರೋಗಿಗಳ ಮುಖ, ಪಡಿತರ ತೆಗೆದುಕೊಳ್ಳುತ್ತಿರುವವರ ಮುಖ ಕಾಣುವ ಫೋಟೋ ಲಿಂಕ್ಡ್‌ಇನ್‌ಗೆ, ಸ್ಟೇಟಸ್‌ಗೆ ಹಾಕಬೇಡಿ. ಅವರ ಕಷ್ಟ ನಿಮ್ಮ ಜಾಹೀರಾತಲ್ಲ. ನೀವು ಮಾಡಿದ ಚಾರ್ಟ್, ಎಕ್ಸೆಲ್ ಶೀಟ್, ಪೋಸ್ಟರ್ ಇವನ್ನು ಹೆಸರುಗಳನ್ನು ಮರೆಮಾಡಿ ಇಟ್ಟುಕೊಳ್ಳಿ.

ಹಂತ 7: ಬಯೋಡೇಟಾದಲ್ಲಿ ಎಲ್ಲಿ, ಹೇಗೆ

ಕೊನೆಯ ಪುಟದಲ್ಲಿ ಹವ್ಯಾಸ ಎಂಬ ಕಡೆ, ಕ್ರಿಕೆಟ್ ಮತ್ತು ಹಾಡು ಕೇಳುವುದರ ಪಕ್ಕದಲ್ಲಿ ಬರೆಯಬೇಡಿ. ಅನುಭವ ಎಂಬ ಕಡೆಯೇ ಬರೆಯಿರಿ. ಸಂಬಳ ಇರಲಿಲ್ಲ ಎನ್ನುವುದು ಸ್ವಯಂಸೇವಕ ಎಂಬ ಪದದಲ್ಲೇ ಇದೆ, ಹಾಗಾಗಿ ಇದರಲ್ಲಿ ಸುಳ್ಳಿಲ್ಲ.

ಹೀಗೆ ಬೇಡ: "ಸಮಾಜ ಸೇವೆಯಲ್ಲಿ ತೀವ್ರ ಆಸಕ್ತಿ. ಎನ್‌ಜಿಒ ಒಂದರಲ್ಲಿ ಸೇವೆ ಸಲ್ಲಿಸಿದ್ದೇನೆ."

ಹೀಗೆ ಬರೆಯಿರಿ: "ಸ್ವಯಂಸೇವಕ, ಸಂಜೆ ಶಾಲೆ. ಜುಲೈ 2024ರಿಂದ ಮಾರ್ಚ್ 2025, ವಾರಕ್ಕೆ 4 ಗಂಟೆ. 5ನೇ ತರಗತಿಯ 11 ಮಕ್ಕಳಿಗೆ ಗಣಿತ ಕಲಿಸಿದ್ದು. ಹಾಜರಿ ಮತ್ತು ಅಂಕಗಳ ಎಕ್ಸೆಲ್ ಶೀಟ್ ಹೊಸದಾಗಿ ಮಾಡಿ ನಿರ್ವಹಿಸಿದ್ದು. 3 ಹೊಸ ಸ್ವಯಂಸೇವಕರಿಗೆ ಕೆಲಸ ಹೇಳಿಕೊಟ್ಟಿದ್ದು."

ಸಂಖ್ಯೆ ಸಣ್ಣದಿದ್ದರೂ ನಿಜವಾದದ್ದನ್ನೇ ಬರೆಯಿರಿ. 11 ಮಕ್ಕಳನ್ನು 110 ಮಾಡಿದವರು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಸಂದರ್ಶನ ಮಾಡಲು ಕೂತ ಕಡೆಯಿಂದ ಅದು ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದರೆ, ನನಗೇ ಸಂಕಟ ಆಗುತ್ತಿತ್ತು.

ರಾಜಕೀಯ ಪಕ್ಷದ ಅಥವಾ ಜಾತಿ ಸಂಘದ ಕೆಲಸ ಮಾಡಿದ್ದರೆ ಏನು ಮಾಡುವುದು ಎಂದೂ ಕೇಳುತ್ತಾರೆ. ಮಾಡಿದ ಕೆಲಸ ಬರೆಯಿರಿ: 40 ಜನರ ತಂಡ, ಮೂರು ದಿನದ ಊಟದ ವ್ಯವಸ್ಥೆ, ಹೀಗೆ. ಸಂಘಟನೆಯ ಹೆಸರು ಹಾಕಬೇಕೋ ಬೇಡವೋ ಎನ್ನುವುದನ್ನು ಎಲ್ಲಿಗೆ ಅರ್ಜಿ ಹಾಕುತ್ತಿದ್ದೀರಿ ಎಂದು ನೋಡಿ ತೀರ್ಮಾನಿಸಿ.

ಹಂತ 8: ಬಾಯಿ ಬಿಟ್ಟು ಕೇಳಿ

ನಮ್ಮವರ ದೊಡ್ಡ ತೊಡಕು ಸಂಕೋಚ. ಎಂಟು ತಿಂಗಳು ಜೊತೆಗಿದ್ದು ದುಡಿದಿರುತ್ತಾರೆ, ಕೆಲಸ ಬೇಕು ಎಂದು ಒಬ್ಬರಿಗೂ ಹೇಳಿರುವುದಿಲ್ಲ. ಹೇಳದೆ ಯಾರಿಗೆ ಗೊತ್ತಾಗಬೇಕು?

ಸಂಯೋಜಕರ ಹತ್ತಿರ ಎರಡು ವಿಷಯ ಕೇಳಿ. ಮೊದಲನೆಯದು ರೆಫರೆನ್ಸ್. ಅಂದರೆ ಹೊಸ ಕಡೆಯವರು ಫೋನ್ ಮಾಡಿ ಕೇಳಿದಾಗ ನಿಮ್ಮ ಬಗ್ಗೆ ಹೇಳಲು ಒಪ್ಪಿಗೆ. ಅವರ ನಂಬರನ್ನು ಕೇಳದೆ ಬಯೋಡೇಟಾದಲ್ಲಿ ಹಾಕಬಾರದು. ಯಾವ ಕೆಲಸಕ್ಕೆ ಅರ್ಜಿ ಹಾಕಿದ್ದೀರಿ, ಯಾವ ದಿನ ಫೋನ್ ಬರಬಹುದು ಎಂದು ಮುಂಚೆಯೇ ಒಂದು ಸಂದೇಶ ಕಳಿಸಿ. ಎರಡನೆಯದು ಪತ್ರ. ಸರ್ಟಿಫಿಕೇಟ್ ಬದಲು ಏನೇನು ಮಾಡಿದಿರಿ, ಯಾವಾಗಿನಿಂದ ಯಾವಾಗಿನ ತನಕ ಎಂದು ಲೆಟರ್‌ಹೆಡ್‌ನಲ್ಲಿ ಬರೆದ ಅರ್ಧ ಪುಟದ ಪತ್ರ ಕೇಳಿ. ನಿಮ್ಮ ನೋಟ್‌ಬುಕ್ ನೋಡಿ ಕರಡನ್ನು ನೀವೇ ಬರೆದು ಕೊಟ್ಟರೆ ಅವರ ಕೆಲಸ ಸುಲಭ.

ಅದೇ ಸಂಸ್ಥೆಯಲ್ಲಿ ಕೆಲಸ ಸಿಗುತ್ತದಾ? ಸಿಗಬಹುದು. ಸಣ್ಣ ಸಂಸ್ಥೆಗಳಲ್ಲಿ ಯೋಜನೆಗೆ ದುಡ್ಡು ಬಂದಾಗ ಹುದ್ದೆ ಹುಟ್ಟುತ್ತದೆ. ಆ ದುಡ್ಡಿನಲ್ಲಿ ಒಂದು ಪಾಲು ಸಿಎಸ್‌ಆರ್‌ನಿಂದ ಬರುತ್ತದೆ. ಸಿಎಸ್‌ಆರ್ ಎಂದರೆ ದೊಡ್ಡ ಕಂಪನಿಗಳು ತಮ್ಮ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ 2013ರ ಕಂಪನಿ ಕಾಯ್ದೆಯ ನಿಯಮ. ದುಡ್ಡು ಮಂಜೂರಾದ ತಕ್ಷಣ ಕ್ಷೇತ್ರ ಸಂಯೋಜಕರು ಬೇಕಾಗುತ್ತಾರೆ, ಜಾಹೀರಾತು ಕೊಡಲು ಪುರುಸೊತ್ತಿರುವುದಿಲ್ಲ, ಆಗ ಮೊದಲು ನೆನಪಾಗುವುದು ಕಣ್ಣೆದುರಿಗೆ ಕೆಲಸ ಮಾಡುತ್ತಿರುವವರು. ಆದರೆ ಸೇರುವ ಮುಂಚೆ ಯೋಜನೆ ಎಷ್ಟು ವರ್ಷದ್ದು ಎಂದು ಕೇಳಿ. ದುಡ್ಡು ನಿಂತಾಗ ಹುದ್ದೆಯೂ ನಿಲ್ಲುತ್ತದೆ. ಇನ್ನೊಂದು ಮಾತು: ಮುಂದೆ ಕೆಲಸ ಕೊಡುತ್ತೇವೆ, ಇರಿ ಇರಿ ಎಂದು ವರ್ಷಗಟ್ಟಲೆ ಬಾಯಿಮಾತಲ್ಲೇ ಇಟ್ಟುಕೊಳ್ಳುವವರೂ ಇದ್ದಾರೆ. ಯಾವ ತಿಂಗಳು ಎಂದು ಕೇಳಿ. ಉತ್ತರ ಬರದಿದ್ದರೆ ನೀವು ಹೊರಗೆ ಹುಡುಕುವುದನ್ನು ಬಿಡಬೇಡಿ.

ಸಂಸ್ಥೆಗಳಲ್ಲೇ ಮುಂದುವರಿಯಬೇಕು ಎಂದಿದ್ದರೆ ಫೆಲೋಶಿಪ್‌ಗಳನ್ನು ನೋಡಿ, ಅಂದರೆ ಭತ್ಯೆ ಕೊಟ್ಟು ಪೂರ್ಣಾವಧಿ ಕೆಲಸ ಕಲಿಸುವಂಥವು. ಎಸ್‌ಬಿಐ ಯೂತ್ ಫಾರ್ ಇಂಡಿಯಾ 13 ತಿಂಗಳದ್ದು, ಹಳ್ಳಿಯಲ್ಲಿದ್ದು ಮಾಡುವುದು. ಟೀಚ್ ಫಾರ್ ಇಂಡಿಯಾ, ಗಾಂಧಿ ಫೆಲೋಶಿಪ್ ಎರಡೆರಡು ವರ್ಷದವು. ಇವುಗಳ ಆಯ್ಕೆಯಲ್ಲಿ ನಿಮ್ಮ ಆ ನೋಟ್‌ಬುಕ್ ಅಂಕಪಟ್ಟಿಯಷ್ಟೇ ಕೆಲಸಕ್ಕೆ ಬರುತ್ತದೆ.

ಹಂತ 9: ಸಂದರ್ಶನದಲ್ಲಿ

"ಸಂಬಳ ಇಲ್ಲದೆ ಯಾಕೆ ಮಾಡಿದಿರಿ?" ಎಂದು ಕೇಳೇ ಕೇಳುತ್ತಾರೆ. ಭಾಷಣ ಬೇಡ, ಸಮಾಜದ ಋಣ ಎಂದೆಲ್ಲ ಶುರು ಮಾಡಬೇಡಿ. ಇದ್ದದ್ದನ್ನು ಹೇಳಿ: "ಕೆಲಸ ಹುಡುಕುತ್ತಿದ್ದೆ. ಮನೆಯಲ್ಲಿ ಸುಮ್ನೆ ಕೂರುವ ಬದಲು ಹತ್ತಿರದ ಶಾಲೆಗೆ ಹೋದೆ. ಮೊದಲು ಮಾರ್ಚ್ ತನಕ ಎಂದುಕೊಂಡಿದ್ದೆ, ಮಕ್ಕಳ ಪರೀಕ್ಷೆ ಇತ್ತು, ಅದು ಮುಗಿಯುವ ತನಕ ಇದ್ದೆ." ಆಮೇಲೆ ಒಂದು ಸಮಸ್ಯೆ, ನೀವು ಮಾಡಿದ್ದು, ಅದರಿಂದ ಆದದ್ದು. ಎರಡು ನಿಮಿಷ ಸಾಕು. ನಡುವೆ ಕೆಲಸ ಬಿಟ್ಟು ಮನೆಯಲ್ಲಿದ್ದ ಅಕ್ಕಂದಿರಿಗೆ "ಐದು ವರ್ಷ ಏನು ಮಾಡುತ್ತಿದ್ದಿರಿ?" ಎಂಬ ಪ್ರಶ್ನೆ ಬರುತ್ತದೆ. ಅದಕ್ಕೂ ಇದೇ ಥರ, ತಲೆ ತಗ್ಗಿಸದೆ, ದಿನಾಂಕ ಮತ್ತು ಕೆಲಸದ ಸಮೇತ ಉತ್ತರ ಕೊಡಿ.

ಹಂತ 10: ಕೆಲಸ ಸಿಕ್ಕಿದ ವಾರ

ಆಫರ್ ಲೆಟರ್ ಕೈಗೆ ಬಂದ ದಿನವೇ ಸಂಯೋಜಕರಿಗೆ ಫೋನ್ ಮಾಡಿ. ನಿಮ್ಮ ಜಾಗಕ್ಕೆ ಬರುವವರಿಗೆ ಒಂದು ಹಾಳೆಯಲ್ಲಿ ಬರೆದು ಕೊಡಿ: ಬೀಗದ ಕೈ ಯಾರ ಹತ್ತಿರ ಇದೆ, ಶೀಟ್ ಎಲ್ಲಿದೆ, ಯಾವ ಮಗುವಿಗೆ ಯಾವ ಪಾಠ ಇನ್ನೂ ಬರುವುದಿಲ್ಲ. ಸಾಧ್ಯವಾದರೆ ಒಂದು ಶನಿವಾರ ಅವರ ಜೊತೆಗೇ ಹೋಗಿ ಕೂತು ಬನ್ನಿ. ಮಕ್ಕಳಿಗೆ ನೀವೇ ಹೇಳಿ, ಮುಂದಿನ ವಾರದಿಂದ ಈ ಅಕ್ಕ ಬರುತ್ತಾರೆ ಎಂದು.